ಜಹಾಜು ಮನೆ ಮುಟ್ಟಿದ ಸಂಜೆ

ತೊಗರಿಬೇಳೆ ಹಸನು ಮಾಡುವಾಗ ನನ್ನನ್ನು ಯಾರೂ ಮಾತಾಡಿಸಬಾರದು. ಮೊರದಲ್ಲಿ ಬೇಳೆ ಹರವಿಕೊಂಡು, ಹೊಟ್ಟು ಹಾರಿಸಿ, ಹರಳು ಆರಿಸುತ್ತ ಕೂತೆನೆಂದರೆ ನನ್ನ ತಲೆಯೂ ಅದರ ಜೊತೆ ಒಂದಿಷ್ಟು ಹಸನಾಗುತ್ತದೆ. ಹೋದ ವಾರ ಮಧ್ಯಾಹ್ನ ಹಾಗೇ ಕೂತಿದ್ದೆ. ಹೊಸ ಬೇಳೆ. ಅದರ ದೂಳಿಗೆ ಒಂದು ವಾಸನೆ ಇರುತ್ತದೆ ನೋಡಿ, ಮೂಗಿಗೆ ಹತ್ತಿದರೆ ಸೀನು ಬರುತ್ತದೆ, ನನಗೆ ಮಾತ್ರ ಸೀನಿನ ಜೊತೆ ನಮ್ಮ ಮಾವನವರ ನೆನಪೂ ಬರುತ್ತದೆ. ಅವರ ಅಂಗಿ, ಧೋತರ, ಮೀಸೆ ಎಲ್ಲ ಇದೇ ವಾಸನೆ. ನಾನು ಸೀನುವುದಕ್ಕೂ ಒಳಕೋಣೆಯಲ್ಲಿ ಮಗಳ ಫೋನಿನಿಂದ ಒಂದು ಸಂಗೀತ ಬರುವುದಕ್ಕೂ ಸರಿಹೋಯಿತು. ಮೊದಲು ದೂರದಲ್ಲಿ ಯಾರೋ ಗಂಟೆ ಬಾರಿಸಿದ ಹಾಗೆ, ಆಮೇಲೆ ಬಾವಿಯೊಳಗೆ ಕೂತು ಯಾರೋ ರಾಗ ಎಳೆದ ಹಾಗೆ. ಮೊರ ವಾಲಿತು. ಅರ್ಧ ಬೇಳೆ ನೆಲದ ಪಾಲು.

"ಅವ್ವಾ, ನೀ ಯಾವಾಗ್ಲೂ ಹೇಳ್ತಿದ್ದಿ ನೋಡು, ಜಹಾಜಿನ ಸೀರಿಯಲ್. ಎಲ್ಲಾ ಭಾಗ ಸಿಕ್ಕಾವ ಇಲ್ಲಿ," ಅಂದಳು ಮಗಳು.

"ಕೊನೀದು?"

"ಕೊನೀದೂ ಅದ. ಹಚ್ಚಲೇನು?"

ನಾನು ಬಾಯಿ ತೆರೆಯುವ ಮೊದಲೇ ಮಂಚದ ಮೇಲಿಂದ ನಮ್ಮ ಅತ್ತೆ ಅಂದರು, "ಹಗಲಾಗ ಹಚ್ಚಬ್ಯಾಡ. ನಿಮ್ಮಪ್ಪ ದಾರ್ಯಾಗ ಅದಾನ."

ಮಗಳಿಗೆ ಇದು ಅರ್ಥವಾಗಲಿಲ್ಲ. ನಿಮಗೂ ಆಗಿರಲಿಕ್ಕಿಲ್ಲ. ಸ್ವಲ್ಪ ಹಿಂದಕ್ಕೆ ಹೋಗಬೇಕು, ಬನ್ನಿ. ಚೆಲ್ಲಿದ ಬೇಳೆ ಎತ್ತುತ್ತಲೇ ಹೇಳುತ್ತೇನೆ.

ನಾನು ನಾರಾಯಣಖೇಡ ಕಡೆಯವಳು. ಮದುವೆಯಾಗಿ ಬಂದದ್ದು ತಾಂಡೂರಿಗೆ, ಎರಡೂ ಈಗ ತೆಲಂಗಾಣದಲ್ಲಿವೆ. ತಾಂಡೂರು ಅಂದರೆ ಕಲ್ಲು. ಮನೆಯ ನೆಲ ಕಲ್ಲು, ಅಡುಗೆಯ ಕಟ್ಟೆ ಕಲ್ಲು, ಹಿತ್ತಲ ಗೋಡೆಯೂ ನಿಲ್ಲಿಸಿದ ಕಲ್ಲುಹಾಸು. ಬೇಸಿಗೆಯಲ್ಲಿ ಆ ನೆಲದ ಮೇಲೆ ಬರೀ ಬೆನ್ನಲ್ಲಿ ಮಲಗಿದವರಿಗೆ ಊಟಿ ಗೀಟಿ ಏನೂ ಬೇಡ. ನಮ್ಮ ಮನೆಯವರು ಅದೇ ಕಲ್ಲನ್ನು ಲಾರಿಯಲ್ಲಿ ತುಂಬಿಕೊಂಡು ಸೊಲ್ಲಾಪುರದ ಕಡೆ ಹೋಗುತ್ತಿದ್ದರು, ಈಗಲೂ ಹೋಗುತ್ತಾರೆ. ಮಾವನವರಿಗೆ ಮಾತ್ರ ಕಲ್ಲಿನ ಸಹವಾಸ ಇರಲಿಲ್ಲ. ಅವರು ತೊಗರಿ ಬಜಾರಿನಲ್ಲಿ ತೂಕದವರು. ಮೊದಲನೇ ತೂಕಕ್ಕೆ ಒಂದು ಅನ್ನದೆ "ಲಾಭ" ಅಂತ ಕೂಗುವುದು ಅವರ ವಾಡಿಕೆ. ಅವರ "ಲಾಭ" ಬಜಾರಿನ ಈ ತುದಿಯಲ್ಲಿ ಎದ್ದರೆ ಆ ತುದಿಯ ಚಹಾದ ಅಂಗಡಿಯವನು ಒಲೆ ಹಚ್ಚುತ್ತಿದ್ದನಂತೆ. ಅಂಥ ಗಂಟಲು.

ಆ ಗಂಟಲಿಗೆ ಸಂಜೆ ಕೆಲಸವಿರುತ್ತಿರಲಿಲ್ಲವಲ್ಲ, ಹಾಗಾಗಿ ಕತೆ ಹೇಳುತ್ತಿದ್ದರು. ದೀಪ ಹಚ್ಚಿದ ಮೇಲೆ ಬಾಗಿಲ ಮುಂದಿನ ಕಟ್ಟೆಯ ಮೇಲೆ ಕೂತು ರಾಜನದೋ ಕಳ್ಳನದೋ ಒಂದು ಕತೆ. ಆದರೆ ಅದಕ್ಕೆ ಕಾನೂನು ಇದ್ದವು. ಕೇಳುವವರಲ್ಲಿ ಒಬ್ಬರು ಹೂಂ ಅನ್ನಬೇಕು. ಹೂಂ ನಿಂತರೆ ಕತೆಯೂ ಅಲ್ಲೇ ನಿಲ್ಲುತ್ತದೆ, ರಾಜ ಕುದುರೆಯ ಮೇಲೆ ಕೂತಿದ್ದರೆ ಬೆಳಗಿನ ತನಕ ಅಲ್ಲೇ ಕೂತಿರಬೇಕು. ಹೇಳುವವ ತಪ್ಪಿದರೆ ಹೂಂ ಅನ್ನುವವರಿಗೆ ಉಹೂಂ ಅನ್ನುವ ಹಕ್ಕು ಉಂಟು. ಉಹೂಂ ಬಿತ್ತೋ, ಹೇಳುವವ ತಪ್ಪಿದ ಜಾಗಕ್ಕೆ ವಾಪಸು ಹೋಗಿ ಸರಿಮಾಡಿಕೊಂಡು ಬರಬೇಕು. ಇನ್ನು ಹಗಲಲ್ಲಿ ಕತೆ ಹೇಳಲೇಬಾರದು. ಹೇಳಿದರೆ ದಾರಿಯಲ್ಲಿರುವವರು ದಾರಿ ತಪ್ಪುತ್ತಾರೆ. ಈ ಮೂರನೇ ಕಾನೂನನ್ನು ಕಾಯುವವರು ಅತ್ತೆ. ಮಗ ಲಾರಿ ಹತ್ತಿದ ಮೇಲೆ ಅವರು ಅದನ್ನು ಇನ್ನಷ್ಟು ಬಿಗಿ ಮಾಡಿದರು.

ಮದುವೆಯಾಗಿ ಬಂದ ಹೊಸದರಲ್ಲಿ ಹೂಂ ಅನ್ನುವ ಕೆಲಸ ನನ್ನ ಪಾಲಿಗೆ ಬಂತು. ನನಗೋ ರೊಟ್ಟಿ ಬಡಿದು ಬಡಿದು ರಟ್ಟೆ ಬಿದ್ದಿರುತ್ತಿತ್ತು. ನಿದ್ದೆಯಲ್ಲೇ ಹೂಂ ಅನ್ನುವುದನ್ನು ಕಲಿತೆ. ಒಂದು ಸಂಜೆ ಮಾವ ಅದನ್ನು ಪತ್ತೆ ಹಚ್ಚಿದರು. "ಆಗ ರಾಜಾ ಏನ್ ಮಾಡ್ದ, ತಾಂಡೂರು ಬಸ್ ಸ್ಟ್ಯಾಂಡಿನಾಗ ನಿಂತು ಮಿರ್ಚಿ ಭಜಿ ತಿಂದ," ಅಂದರಂತೆ. ನಾನು "ಹೂಂ" ಅಂದೆ. "ಭಜಿ ತಿಂದು ಬಶೀರಾಬಾದ್ ಬಸ್ ಹತ್ತಿದ." "ಹೂಂ." ಕಟ್ಟೆಯ ಮೇಲಿದ್ದವರೆಲ್ಲ ನಕ್ಕ ಸದ್ದಿಗೆ ನನಗೆ ಎಚ್ಚರವಾಯಿತು. ಎಷ್ಟೋ ದಿನ ನನ್ನ ಗಂಡ ಭಜಿ ಕಟ್ಟಿಸಿಕೊಂಡು ಬಂದಾಗೆಲ್ಲ "ರಾಜಾ ಕಳಿಸ್ಯಾನ" ಅಂತ ಕೊಡುತ್ತಿದ್ದರು.

ಇಂಥ ಮನೆಗೆ ಆ ಸೀರಿಯಲ್ಲು ಬಂತು. ಯಾವ ದೇಶದ್ದೋ ಏನೋ, ತೆಲುಗಿನಲ್ಲಿ ಮಾತಾಡಿಸಿ ವಾರಕ್ಕೊಮ್ಮೆ ಶನಿವಾರ ಸಂಜೆ ಹಾಕುತ್ತಿದ್ದರು. ಅದಕ್ಕೊಂದು ಉದ್ದದ ಹೆಸರಿತ್ತು, ನಮ್ಮ ಮನೆಯಲ್ಲಿ ಯಾರೂ ಆ ಹೆಸರು ಹಿಡಿದು ಕರೆಯಲಿಲ್ಲ. ಆಕಾಶದಲ್ಲಿ ಹೋಗುವ ಒಂದು ದೊಡ್ಡ ಹಡಗು, ಅದರೊಳಗೆ ದಾರಿ ತಪ್ಪಿದ ಒಂದಿಷ್ಟು ಜನ. ಮಾವ ಅದಕ್ಕೆ ಜಹಾಜು ಅಂದರು, ಜಹಾಜೇ ಆಯಿತು. ಅದರಲ್ಲಿದ್ದ ಯಂತ್ರದ ಆಳಿಗೆ ಅತ್ತೆ "ತಗಡಿನ ಮನಷ್ಯಾ" ಅಂತ ಹೆಸರಿಟ್ಟರು. ಅವನು ಎಣ್ಣೆ ಕುಡಿಯುವಾಗೆಲ್ಲ ಪಾಪ, ಒಂದು ರೊಟ್ಟಿ ಕೊಡಬಾರದೇ ಅವನಿಗೆ ಅಂತ ಅತ್ತೆಗೆ ಸಂಕಟ.

ಜಹಾಜಿನ ಕಪ್ತಾನನಿಗೆ ಭೂಮಿಯ ಮೇಲೆ ಹೆಂಡತಿ ಇದ್ದಳು. ಮದುವೆಯಾದ ಹೊಸದರಲ್ಲೇ ಬಿಟ್ಟು ಹೋಗಿದ್ದ. ಪ್ರತಿ ವಾರ ಅವಳ ಒಂದು ಚಿತ್ರ ತೆಗೆದು ನೋಡುತ್ತಿದ್ದ. ಮನೆಗೆ ಹೋಗುವ ದಾರಿ ಸಿಕ್ಕಿತು ಅನ್ನುವಷ್ಟರಲ್ಲಿ ಏನೋ ಒಂದು ಅಡ್ಡ ಬರುತ್ತಿತ್ತು. ಒಂದು ವಾರ ಅದರೊಳಗಿನ ಡಾಕ್ಟರಮ್ಮ ಕಪ್ತಾನನಿಗೆ ಏನೋ ಹೇಳಿದಳು, ಅವನು ತಲೆ ಹಿಡಿದುಕೊಂಡು ಕೂತ. ನನಗೆ ತಿಳಿಯಲಿಲ್ಲ. ಹತ್ತರ ಮೇಲೆ ಇಂಟರ್ ಓದಿದವಳು ನಾನೇ ಆ ಮನೆಯಲ್ಲಿ, ಆದರೂ ತಿಳಿಯಲಿಲ್ಲ. ಮಾವ ತಮ್ಮ ಬಜಾರಿನ ಲೆಕ್ಕದಲ್ಲಿ ತಿಳಿಸಿದರು.

"ಅಲ್ಲಿನ ಮಾಪ ಬ್ಯಾರೆ, ಇಲ್ಲಿನ ಮಾಪ ಬ್ಯಾರೆ. ಜಹಾಜಿನಾಗ ಒಂದು ವರ್ಷ ಅಳದ್ರ ಭೂಮಿ ಮ್ಯಾಲ ಹತ್ತು ವರ್ಷ ಸುರೀತಾವ. ಅವ ಹಾಂಗೇ ಇರ್ತಾನ. ಅವ ಬರೋದ್ರಾಗ ಹೆಂಡ್ತಿ ಮುದುಕಿ ಆಗಿರ್ತಾಳ."

"ಆದ್ರೇನಾತು," ಅಂದರು ಅತ್ತೆ.

"ಗುರ್ತ ಹಿಡಿಬೇಕಲ್ಲ ಅವ. ಬಿಟ್ಟು ಹೋದಾಕಿ ಹುಡುಗಿ. ಬಾಗಲಾಗ ನಿಂತಾಕಿ ಮುದುಕಿ."

"ಹೆಂಡ್ತಿ ಗುರ್ತ ಹಿಡೀದಂಥಾ ಗಂಡಸು ಎದಕ ಬೇಕು? ಹಿಡೀಲಿಲ್ಲಂದ್ರ ಟಿವಿ ಒಡೀತೀನಿ ನಾ."

"ಟಿವಿ ಏನ್ ಪಾಪ ಮಾಡ್ಯದ?" ಅಂತ ಮಾವ ನಗುತ್ತಿದ್ದರು. ಅಲ್ಲಿಂದ ಅದೇ ಒಂದು ಆಟವಾಯಿತು. ಶನಿವಾರ ಸೀರಿಯಲ್ಲು ಮುಗಿದ ಕೂಡಲೇ ಮಾವ ಕೆಣಕುವುದು, "ಗುರ್ತ ಹಿಡಿತಾನೋ ಇಲ್ಲೋ ನೋಡೋಣು," ಅತ್ತೆ ಟಿವಿ ಒಡೆಯುವುದಾಗಿ ಹೆದರಿಸುವುದು. ನಲವತ್ತು ವರ್ಷ ಸಂಸಾರ ಮಾಡಿದವರಿಗೆ ಮಾತಾಡಲು ಒಂದು ಹೊಸ ವಿಷಯ ಸಿಕ್ಕಿತ್ತು, ನಾನು ಯಾಕೆ ನಡುವೆ ಹೋಗಲಿ?

ಆ ವರ್ಷ ಮಳೆ ಹಿಡಿಯುವ ಮೊದಲು ಒಂದು ಬೆಳಿಗ್ಗೆ ಮಾವ ಬಜಾರಿನಲ್ಲೇ ಬಿದ್ದರು. "ಲಾಭ" ಅಂತ ಕೂಗಿದ್ದರಂತೆ, ಎರಡನೆಯದು ಬರಲಿಲ್ಲವಂತೆ. ಲಕ್ವಾ. ಹೈದರಾಬಾದಿನ ಆಸ್ಪತ್ರೆಯಿಂದ ಮನೆಗೆ ಕರಕೊಂಡು ಬಂದಾಗ ಬಲಗೈ ಬಲಗಾಲು ಬಿದ್ದುಹೋಗಿದ್ದವು. ಮಾತು ಪೂರಾ ಹೋಗಿತ್ತು. ಅಳುವುದಿಲ್ಲ, ನಗುವುದಿಲ್ಲ. ಕಣ್ಣು ತೆರೆದಿರುತ್ತಿತ್ತು, ಆದರೆ ಆ ಕಣ್ಣು ಅತ್ತೆಯನ್ನು ನೋಡಿದ ಹಾಗೇ ಗೋಡೆಯನ್ನೂ ನೋಡುತ್ತಿತ್ತು, ಗೋಡೆಯ ಮೇಲಿನ ಹಲ್ಲಿಯನ್ನೂ ನೋಡುತ್ತಿತ್ತು. ಮಾತಾಡಿಸ್ತಾ ಇರಿ ಅಂತ ಡಾಕ್ಟರು ಹೇಳಿದ್ದರು. ಎಷ್ಟು ತಿಳಿಯುತ್ತದೆ ಅಂತ ಅವರಿಗೂ ಗೊತ್ತಿರಲಿಲ್ಲ.

ಅತ್ತೆ ಅಳುವ ಜಾತಿಯವರಲ್ಲ. ಗಂಜಿ ಕುಡಿಸುವುದು, ಮೈ ಒರೆಸುವುದು, ಮೀಸೆ ಬಾಚುವುದು ಎಲ್ಲ ತಾವೇ. ಒಂದು ದಿನ ಹಿತ್ತಲಲ್ಲಿ ಪುಂಡಿಪಲ್ಯ ಸೋಸುತ್ತ ಕೂತಾಗ ನನಗೆ ಅಂದರು, "ಮಾತು ಹೋದ್ರ ಹೋಗ್ಲಿ ತಂಗಿ. ಹೊರಗ ಬಜಾರಿನಾಗ ಭಾಳ ಮಾತಾಡ್ಯಾರ. ನನ್ನ ಗುರ್ತ ಅದನೋ ಇಲ್ಲೋ, ಅಷ್ಟು ತಿಳದ್ರ ಸಾಕು ನನಗ." ನಾನು ಇನ್ನೊಂದು ಹಿಡಿ ಪಲ್ಯ ತೆಗೆದು ಅವರ ಮುಂದೆ ಹಾಕಿದೆ.

ಶನಿವಾರ ಮಾತ್ರ ತಪ್ಪಲಿಲ್ಲ. ಸಂಜೆಯಾದರೆ ಅತ್ತೆ ಮಾವನ ಬೆನ್ನಿಗೆ ಎರಡು ದಿಂಬು ಕೊಟ್ಟು ಟಿವಿಯ ಕಡೆ ತಿರುಗಿಸಿ ಕೂಡಿಸುವರು. ತೆಲುಗು ಮಾತನ್ನು ಒಮ್ಮೊಮ್ಮೆ ಕನ್ನಡದಲ್ಲಿ ಹೇಳುವರು, ಆಮೇಲೆ ತಾವೇ ಅವರ ಬದಲಿಗೆ "ಹೂಂ" ಅಂದುಕೊಳ್ಳುವರು. ಕೇಳಲಿಕ್ಕೆ ಆಗುತ್ತಿರಲಿಲ್ಲ ನನಗೆ. ನಮ್ಮ ಮನೆಯವರಿಗೆ ಇನ್ನೂ ಆಗುತ್ತಿರಲಿಲ್ಲ. "ಅಪ್ಪ ಬೆಳಕು ನೋಡ್ತಾನವ್ವಾ, ಕತಿ ಅಲ್ಲ. ಸುಮ್ಮ ಯಾಕ ದಣೀತಿ?" ಅನ್ನುವರು. ಅತ್ತೆ ಕೇಳಿಸಿಕೊಂಡ ಹಾಗೇ ಮಾಡುತ್ತಿರಲಿಲ್ಲ.

ಅದು ಚಳವಳಿಯ ಕಾಲ. ಪ್ರತ್ಯೇಕ ತೆಲಂಗಾಣ ಬೇಕು ಅಂತ ಊರಿಗೆ ಊರೇ ರಸ್ತೆಯಲ್ಲಿತ್ತು. ಶಾಲೆ ಇಲ್ಲ, ಬಸ್ಸು ಇಲ್ಲ, ಕಚೇರಿಗಳಿಗೆ ಬೀಗ. ರಸ್ತೆಯ ನಡುವೆ ಒಲೆ ಹೂಡಿ ಅಡುಗೆ ಮಾಡಿ ಅಲ್ಲೇ ಉಣ್ಣುವುದು, ಅದೂ ಒಂದು ಹೋರಾಟ. ಅತ್ತೆ ಒಂದು ದಿನ ನೋಡಲಿಕ್ಕೆ ಹೋದವರು ಪಪ್ಪಿನ, ಅಂದರೆ ಬೇಳೆಸಾರಿನ, ರುಚಿ ನೋಡಿ "ಉಪ್ಪೇ ಹಾಕಿಲ್ಲಲ್ರೋ" ಅಂತ ಬೈದು ಉಪ್ಪು ಹಾಕಿ ಬಂದರು. ನಾನೂ ರಸ್ತೆಯಲ್ಲಿ ಹೂವಿನ ರಾಶಿ ಇಟ್ಟು ಸುತ್ತ ಹಾಡಿ ಕುಣಿಯುವ ಬತುಕಮ್ಮ ಆಡಲು ಹೋಗಿದ್ದೆ. ಘೋಷಣೆ ಕೂಗಿದ್ದು ತೆಲುಗಿನಲ್ಲಿ, ಮನೆಗೆ ಬಂದು ಕಾಲುನೋವು ಅಂತ ನರಳಿದ್ದು ಕನ್ನಡದಲ್ಲಿ. ನಮ್ಮ ಕಡೆ ಜನ ಹೀಗೇ, ಯಾವ ಮಾತು ಯಾವ ಕೆಲಸಕ್ಕೆ ಹೊಂದುತ್ತದೋ ಅದನ್ನು ತಗೊಳ್ಳುತ್ತೇವೆ. ಕಲ್ಲಿದ್ದಲ ಗಣಿಯವರೂ ಕೆಲಸ ನಿಲ್ಲಿಸಿದ್ದರು. ಹಾಗಾಗಿ ಕರೆಂಟು ಯಾವಾಗ ಬರುತ್ತದೆ ಯಾವಾಗ ಹೋಗುತ್ತದೆ ದೇವರಿಗೂ ಗೊತ್ತಿರಲಿಲ್ಲ. ಯಾರೂ ಅದಕ್ಕೆ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ, ನಮ್ಮದೇ ಹೋರಾಟವಲ್ಲವೇ? ಬೇಜಾರಾದದ್ದು ಒಂದೇ ಒಂದು ಶನಿವಾರ.

ಅವತ್ತು ಜಹಾಜಿನ ಕೊನೆಯ ಭಾಗ. ನಮ್ಮ ಮನೆಯವರು ಕಲ್ಲು ಇಳಿಸಿ ವಾಪಸು ಬರುವಾಗ ಜಹೀರಾಬಾದಿನ ಹತ್ತಿರ ರಾಸ್ತಾ ರೋಕೋದಲ್ಲಿ ಸಿಕ್ಕಿಕೊಂಡಿದ್ದರು. ಮನೆಯಲ್ಲಿ ನಾನು, ಅತ್ತೆ, ಮಾವ, ತೊಟ್ಟಿಲಲ್ಲಿ ಮಗಳು. ಅತ್ತೆ ಮಾವನಿಗೆ ಒಗೆದ ಅಂಗಿ ತೊಡಿಸಿದ್ದರು. ಜಹಾಜು ಭೂಮಿಗೆ ಬಂತು. ತಗಡಿನ ಮನುಷ್ಯ ಸತ್ತುಹೋಗಿದ್ದ, ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡರು. ಕಪ್ತಾನ ಇಳಿದು ನಡೆದು ನಡೆದು ಒಂದು ಮನೆಯ ಮುಂದೆ ನಿಂತ. ಬಾಗಿಲು ತಟ್ಟಿದ. ಬಾಗಿಲು ತುಸು ತೆರೆಯಿತು. ಒಳಗೆ ಯಾರದೋ ನೆರಳು.

ಕರೆಂಟು ಹೋಯಿತು.

ಕತ್ತಲಲ್ಲಿ ನಾವು ಎಷ್ಟು ಹೊತ್ತು ಕೂತೆವೋ. ಕರೆಂಟು ಬಂದದ್ದು ಬೆಳಿಗ್ಗೆ, ಅದೂ ನೀರು ತುಂಬಿಸಿಕೊಳ್ಳುವಷ್ಟು ಹೊತ್ತು ಇದ್ದು ಮತ್ತೆ ಹೋಯಿತು. ಓಣಿಯಲ್ಲಿ ಯಾರನ್ನು ಕೇಳಿದರೂ ಅದೇ ಬಾಗಿಲ ತನಕವೇ. ಅತ್ತೆ ನನ್ನ ಕೈಗೆ ಫೋನು ಕೊಟ್ಟರು. "ಜಹೀರಾಬಾದಿಗಿ ನಿಮ್ಮಕ್ಕಗ ಹಚ್ಚು. ಅಲ್ಲಿ ಕರಂಟ್ ಇದ್ದಿರಬೇಕು."

ನಮ್ಮ ಅಕ್ಕ ಅಂದಳು, "ಯಾವ ಜಹಾಜು? ಟಿವಿ ಕೆಟ್ಟು ದೀಪಾವಳಿಗಿ ವರ್ಷ ಆಗ್ತದ. ಹುಡುಗರು ಓದ್ಲಿ ಅಂತ ರಿಪೇರಿ ಮಾಡಿಸಿಲ್ಲ."

ಅತ್ತೆ ಎದುರಿಗೇ ನಿಂತಿದ್ದರು. ಅವರ ಮುಖ ನೋಡಿದೆ. "ನೋಡ್ಯಾಳಂತ ಅತ್ತಿ," ಅಂದುಬಿಟ್ಟೆ. "ಎಲ್ಲಾ ಹೇಳಿದ್ಳು."

"ಹಾಂಗಾದ್ರ ಛಲೋ ಆತು. ಈಗ ಹೇಳಬ್ಯಾಡ, ಅವ ದಾರ್ಯಾಗ ಅದಾನ. ಬಂದ ಮ್ಯಾಲ ದೀಪ ಹಚ್ಚಿ ಮಾವಗ ಕೂಡಿಸಿ ಹೇಳು. ಕತಿ ಅರ್ಧಕ್ಕ ಬಿಡಬಾರದು."

ಅವತ್ತಿಡೀ ದಿನ ನನ್ನ ಪಾಡು ಕೇಳಬೇಡಿ. ಹಿಟ್ಟು ಕಲಸುವಾಗ ಒಂದು ಕೊನೆ ಹೊಳೆಯುವುದು, ರೊಟ್ಟಿ ಬೇಯುವಷ್ಟರಲ್ಲಿ ಅದು ಸೀದುಹೋಗುವುದು. ಕತೆ ಬರೆಯುವವರು ಹೇಗೆ ಊಟ ನಿದ್ದೆ ಮಾಡುತ್ತಾರೋ ಕಾಣೆ. ನನಗೆ ಒಂದೇ ಹೆದರಿಕೆ, ಆ ಗುರುತು ಹಿಡಿಯುವ ಮಾತು ಬರಬಾರದು. ಹಿಡಿದ ಅಂತ ಹೇಳಿದರೆ ಅತ್ತೆ ಮಾವನ ಮುಖ ನೋಡುತ್ತಾರೆ, ಅಲ್ಲಿ ಏನೂ ಇರುವುದಿಲ್ಲ. ಹಿಡಿಯಲಿಲ್ಲ ಅಂತ ಹೇಳುವುದಂತೂ ನನ್ನಿಂದ ಆಗದ ಮಾತು. ಕೊನೆಗೆ ಆ ಪ್ರಶ್ನೆಯೇ ಏಳದ ಹಾಗೆ ಒಂದು ಉಪಾಯ ಮಾಡಿದೆ.

ದೀಪ ಹಚ್ಚುವ ಹೊತ್ತಿಗೆ ನಮ್ಮ ಮನೆಯವರು ಬಂದರು. ರಸ್ತೆಯ ಮೇಲೆ ಚಳವಳಿಯವರೇ ಕರೆದು ಅನ್ನ ಪಪ್ಪು ಹಾಕಿದರಂತೆ. ಮೈ ತೊಳೆದುಕೊಂಡು ಗೋಡೆಗೆ ಒರಗಿ ರೊಟ್ಟಿ ಉಣ್ಣುತ್ತ ಕೂತರು. ಕರೆಂಟಿಲ್ಲ. ಚಿಮಣಿ ದೀಪ ಮಾವನ ಮಂಚದ ತಲೆಯ ಹತ್ತಿರ. ಅತ್ತೆ ಗಂಜಿಯ ಬಟ್ಟಲು ಹಿಡಿದು ಕಾಲ ಬಳಿ ಕೂತಿದ್ದರು.

"ಹೇಳು ತಂಗಿ."

"ಹೂಂ ಯಾರು ಅಂತೀರಿ ಅತ್ತಿ?"

"ಇವತ್ತು ನಾ ಅನ್ನಲ್ಲ. ಕೇಳೋರು ಅವರು."

ನಮ್ಮ ಮನೆಯವರು ರೊಟ್ಟಿ ಮುರಿಯುತ್ತ ತಲೆ ಅಲ್ಲಾಡಿಸಿದರು. ನಾನು ಶುರು ಮಾಡಿದೆ. ಜಹಾಜು ಇಳಿಯಿತು ಅಂದೆ. ನಿಂತೆ, ಅಭ್ಯಾಸ ನೋಡಿ. ಯಾರೂ ಹೂಂ ಅನ್ನಲಿಲ್ಲ. ಮಾವನ ಕಣ್ಣು ದೀಪದ ಮೇಲಿತ್ತು. ಕಪ್ತಾನ ಬಾಗಿಲು ತಟ್ಟಿದ ಅಂದೆ. ಬಾಗಿಲು ತೆರೆಯಿತು. ಮುಂದಿನದು ನನ್ನದು.

"ಒಳಗಿಂದ ಅವನ ಹೆಂಡ್ತಿ ಓಡಿ ಬಂದ್ಳು ನೋಡ್ರಿ ಮಾವ. ಹ್ಯಾಂಗ ಬಿಟ್ಟು ಹೋಗಿದ್ನೋ ಹಾಂಗೇ ಇದ್ಳು. ಅದೇ ಮುಖ, ಅದೇ ಕರೀ ಕೂದಲ. ಡಾಕ್ಟರು ಏನೋ ಔಷಧ ಕೊಟ್ಟಿದ್ರಂತ ಅಕಿಗಿ, ವಯಸ್ಸೇ ಆಗಿದ್ದಿಲ್ಲ."

"ಉಹೂಂ."

ನಾನು ನಮ್ಮ ಮನೆಯವರ ಕಡೆ ನೋಡಿದೆ, ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡು. ಅವರ ಬಾಯಲ್ಲಿ ತುತ್ತಿತ್ತು. ಅವರು ಮಂಚದ ಕಡೆ ನೋಡುತ್ತಿದ್ದರು.

"ಏನಂದ್ರಿ ಮಾವ?"

ಏನೂ ಇಲ್ಲ. ಕಣ್ಣು ದೀಪದ ಮೇಲೇ ಇತ್ತು. ಕಾನೂನು ನೆನಪಿತ್ತು, ಉಹೂಂ ಬಿದ್ದರೆ ತಪ್ಪಿದ ಜಾಗಕ್ಕೆ ವಾಪಸು ಹೋಗಬೇಕು. ಜಹಾಜು ಇಳಿಯಿತು, ಅಂದೆ. ಸುಮ್ಮನಿದ್ದರು. ಬಾಗಿಲು ತೆರೆಯಿತು. ಸುಮ್ಮನಿದ್ದರು. "ಹೆಂಡ್ತಿ ಹಾಂಗೇ ಇದ್ಳು, ಅದೇ ಕರೀ..."

"ಉಹೂಂ."

ಈ ಸಲ ತುಸು ಜೋರಾಗಿ, ಬಜಾರಿನಲ್ಲಿ ತೂಕ ತಪ್ಪಿದವನನ್ನು ಗದರಿಸಿದ ಹಾಗೆ. ನಮ್ಮ ಮನೆಯವರು ತಾಟು ಸರಿಸಿ ಎದ್ದು ನಿಂತರು. ಅತ್ತೆ ಮಾತ್ರ ಅಲ್ಲಾಡಲಿಲ್ಲ. ಬಟ್ಟಲು ಕೈಯಲ್ಲೇ ಇತ್ತು. ಮಾವನ ಕಡೆ ನೋಡದೆ ನನ್ನ ಕಡೆಯೇ ನೋಡುತ್ತ ಮೆಲ್ಲಗೆ ಅಂದರು, "ಮಾಪ ತಪ್ಪೇದ ತಂಗಿ. ಅಲ್ಲಿ ಒಂದು, ಇಲ್ಲಿ ಹತ್ತು. ಸರಿ ಮಾಡಿ ಹೇಳು."

ಸರಿ ಮಾಡಿ ಹೇಳಬೇಕಾದರೆ ಮುದುಕಿಯನ್ನು ತರಬೇಕು. ನನಗೆ ಗೊತ್ತಿದ್ದ ಮುದುಕಿ ಒಬ್ಬರೇ, ಎದುರಿಗೆ ಕೂತಿದ್ದರು. ಅವರನ್ನೇ ನೋಡುತ್ತ ಹೇಳಿದೆ. ಅಕಿ ಓಡಿ ಬರಲಿಲ್ಲ, ಮೊಳಕಾಲು ನೋವಿತ್ತು ಅಂದೆ. ಗೋಡೆ ಹಿಡಿದು ಬಂದಳು. ತಲೆ ಪೂರಾ ಬೆಳ್ಳಗಾಗಿತ್ತು. ಮುಂದಿನ ಒಂದು ಹಲ್ಲು ಇರಲಿಲ್ಲ. ಕೈಯಲ್ಲಿ ಹಸಿರು ಬಳೆ, ಒಂದು ಒಡೆದಿತ್ತು. ಸೆರಗು ನಡುವಿಗೆ ಸಿಕ್ಕಿಸಿದ್ದಳು. ಕೈಯಲ್ಲಿ ಗಂಜಿ ಬಟ್ಟಲು ಹಿಡಿದಿದ್ದಳು. ಆ ದೇಶದಲ್ಲಿ ಗಂಜಿ ಎಲ್ಲಿಂದ ಬಂತು ಅಂತ ಯಾರೂ ಕೇಳಲಿಲ್ಲ. ಮಾವ ಉಹೂಂ ಅನ್ನಲಿಲ್ಲ.

"ಕಪ್ತಾನ ನಿಂತು ಅಕಿ ಮುಖ ನೋಡ್ದ," ಅಂದೆ. ಮುಂದೆ ಹೋಗಲು ಧೈರ್ಯವಾಗಲಿಲ್ಲ.

ಅತ್ತೆ ಕೇಳಿದರು. ನನ್ನನ್ನೇ ಕೇಳಿದ ಹಾಗೆ ಕೇಳಿದರು, ತಲೆ ತಗ್ಗಿಸಿ, ಚಮಚದಿಂದ ಗಂಜಿ ಕದಡುತ್ತ. "ಗುರ್ತ ಹಿಡದನಾ?"

ನಾನು ಬಾಯಿ ತೆರೆದೆ.

"ಹೂಂ," ಅಂದರು ಮಾವ.

ದೀಪದ ಮೇಲಿದ್ದ ಕಣ್ಣು ಈಗ ಅತ್ತೆಯ ಮೇಲಿತ್ತು. ಗೋಡೆ ನೋಡುವ ಕಣ್ಣಲ್ಲ ಅದು. ಹಲ್ಲಿ ನೋಡುವ ಕಣ್ಣೂ ಅಲ್ಲ.

ಅತ್ತೆ ಎಷ್ಟೋ ಹೊತ್ತು ಗಂಜಿ ಕದಡುತ್ತಲೇ ಇದ್ದರು. ಆಮೇಲೆ ಒಂದು ಚಮಚ ಎತ್ತಿ ಮಾವನ ಬಾಯಿಗೆ ಹಿಡಿದು, "ಹಿಡೀಲಿಲ್ಲಂದ್ರ ಟಿವಿ ಒಡೀತಿದ್ದೆ," ಅಂದರು. ಅವರ ಗಲ್ಲದ ಮೇಲಿಂದ ನೀರು ಬಟ್ಟಲಿಗೇ ಬೀಳುತ್ತಿತ್ತು. ಗಂಜಿಗೆ ಬೇರೆ ಉಪ್ಪು ಬೇಕಾಗಲಿಲ್ಲ. ನಮ್ಮ ಮನೆಯವರು ಕೈ ತೊಳೆಯುವ ನೆಪ ಮಾಡಿ ಹಿತ್ತಲಿಗೆ ಹೋದವರು ಬೇಗ ಬರಲಿಲ್ಲ. ನಾನು ಅಲ್ಲೇ ಕೂತು ಅತ್ತುಬಿಟ್ಟೆ, ನನಗೆ ನೆಪ ಗಿಪ ಹೊಳೆಯುವುದಿಲ್ಲ.

ಮಾವನಿಗೆ ಆಮೇಲೆ ಬೇರೆ ಮಾತು ಬರಲಿಲ್ಲ. ಹೂಂ, ಉಹೂಂ, ಇಷ್ಟೇ. ಆದರೆ ಇವೆರಡರಲ್ಲೇ ಅವರು ಗಂಡ ಹೆಂಡತಿ ಎಲ್ಲ ನಡೆಸಿದರು, ಜಗಳ ಕೂಡ. ಪಲ್ಯಕ್ಕೆ ಖಾರ ಹೆಚ್ಚಾಯಿತೇ ಅಂದರೆ ಹೂಂ. ತವರಿಗೆ ಹೋಗಿ ಬರಲೇ ಅಂದರೆ ಉಹೂಂ. ತೆಲಂಗಾಣ ಬಂದ ದಿನ ಓಣಿಯಲ್ಲಿ ಪಟಾಕಿ ಹಾರಿದವು. ಅತ್ತೆ ಮಾವನ ಕಿವಿಯ ಹತ್ತಿರ ಬಗ್ಗಿ, "ರಾಜ್ಯ ಬಂತ್ರಿ," ಅಂದರು. ಮಾವ "ಹೂಂ" ಅಂದರು, ಲಾಭ ಅಂದಷ್ಟು ಜೋರಾಗಿ. ಅದರ ಮುಂದಿನ ಚಳಿಗಾಲಕ್ಕೆ ಅವರು ಹೋದರು. ಅತ್ತೆಯ ಕೈ ಅವರ ಎದೆಯ ಮೇಲೇ ಇತ್ತು.

ಇನ್ನೊಂದು ಮಾತು ಮರೆತೆ. ಕತೆ ಹೇಳಿದ ಮರುದಿನ ಬೆಳಿಗ್ಗೆ ಅತ್ತೆ ನನಗೆ ಚಹಾ ಕೊಡುತ್ತ ಅಂದರು, "ನಿಮ್ಮಕ್ಕ ಟಿವಿ ರಿಪೇರಿ ಯಾವಾಗ ಮಾಡಿಸ್ತಾಳಂತ?" ನಾನು ಚಹಾ ಕುಡಿಯುತ್ತಲೇ ಇದ್ದೆ, ಮೇಲೆ ನೋಡಲಿಲ್ಲ.

ಹಾಗೆ, ಜಹಾಜಿನ ಖರೆ ಕೊನೆ ನಾವು ಯಾರೂ ನೋಡಲೇ ಇಲ್ಲ. ನನಗೆ ಅದೊಂದು ಸಣ್ಣ ಮುಳ್ಳಾಗಿ ಉಳಿದಿತ್ತು. ಬುದ್ಧಿವಂತರು ಬರೆದ ಕೊನೆ ಅದು, ನನ್ನದಕ್ಕಿಂತ ಎಷ್ಟೋ ಚೆನ್ನಾಗಿರಬೇಕು, ಮಾವನಿಗೆ ಅದನ್ನು ತೋರಿಸಲಾಗಲಿಲ್ಲವಲ್ಲ ಅಂತ ಆಗಾಗ ಅನ್ನಿಸುತ್ತಿತ್ತು. ಈಗ ನಿಮಗೆ ತಿಳಿಯಿತಲ್ಲ, ಹೋದ ವಾರ ಬೇಳೆ ಯಾಕೆ ಚೆಲ್ಲಿತು ಅಂತ.

ದೀಪ ಹಚ್ಚುವ ತನಕ ಕಾದೆವು. ನಮ್ಮ ಮನೆಯವರು ಲಾರಿ ನಿಲ್ಲಿಸಿ ಮನೆ ಸೇರಿದ ಮೇಲೆ ಮಗಳು ಫೋನನ್ನು ನೀರಿನ ತಂಬಿಗೆಗೆ ಒರಗಿಸಿ ಇಟ್ಟಳು. ಅತ್ತೆಗೆ ಈಗ ಕಣ್ಣು ಕಾಣುವುದು ಅಷ್ಟಕ್ಕಷ್ಟೇ, ಮಂಚದ ಮೇಲೆ ಕೂತು ಬರೀ ಕೇಳುತ್ತಿದ್ದರು. ತಗಡಿನ ಮನುಷ್ಯ ಸತ್ತ. ಕಪ್ತಾನ ನಡೆದು ಬಂದ. ಬಾಗಿಲು ತಟ್ಟಿದ. ಬಾಗಿಲು ತುಸು ತೆರೆಯಿತು, ನೆರಳು ಕಾಣಿಸಿತು, ನನಗೆ ಗೊತ್ತಿಲ್ಲದೆಯೇ ಮೇಲೆ ಬಲ್ಬಿನ ಕಡೆ ನೋಡಿದೆ. ಬಲ್ಬು ಉರಿಯುತ್ತಲೇ ಇತ್ತು.

ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ಹುಡುಗಿ. ಅದೇ ಮುಖ, ಅದೇ ಕೂದಲು. ಅವಳನ್ನೂ ಇಷ್ಟು ವರ್ಷ ಯಾವುದೋ ಮಂಜಿನ ಪೆಟ್ಟಿಗೆಯಲ್ಲಿ ಮಲಗಿಸಿ ಇಟ್ಟಿದ್ದರಂತೆ, ವಯಸ್ಸೇ ಆಗಿರಲಿಲ್ಲ. ಇಬ್ಬರೂ ತಬ್ಬಿಕೊಂಡರು. ಸಂಗೀತ ಬಂತು, ಹೆಸರು ಬಂದವು.

ನನ್ನದೇ ಕೊನೆ! ಅವತ್ತು ಹಿಟ್ಟು ಕಲಸುತ್ತ ನಾನು ಹೊಂದಿಸಿದ್ದ ಅದೇ ಉಪಾಯ, ಔಷಧದ ಬದಲು ಪೆಟ್ಟಿಗೆ, ಅಷ್ಟೇ ಫರಕು. ನನಗೆ ನಗು ತಡೆಯಲಾಗಲಿಲ್ಲ. ಬರೆದವರನ್ನು ಬೈಯೋಣ ಅಂದರೂ ಮನಸ್ಸು ಬರಲಿಲ್ಲ. ಪಾಪ, ಅವರ ಎದುರಿಗೆ ಕೂತು ಉಹೂಂ ಅನ್ನುವವರು ಯಾರೂ ಇದ್ದಿರಲಿಕ್ಕಿಲ್ಲ. ಗೋಡೆಗೆ ಒರಗಿ ಕೂತಿದ್ದ ನಮ್ಮ ಮನೆಯವರು ನನ್ನ ಮುಖ ನೋಡಿದರು, ಅವರಿಗೂ ನೆನಪಿತ್ತು. ಮಗಳು "ಎಷ್ಟು ಛಂದ ಮುಗೀತು ಅಲ್ಲವ್ವಾ?" ಅಂತ ಕಣ್ಣು ಒರೆಸಿಕೊಳ್ಳುತ್ತಿದ್ದಳು.

ಮಂಚದ ಮೇಲಿಂದ ಅತ್ತೆ ಕೇಳಿದರು, "ಏನಾತು ತಂಗಿ? ಗುರ್ತ ಹಿಡದನಾ ಮುದುಕಿಂದು?"

ಯಾವ ಮುದುಕಿ ಅನ್ನಲು ಮಗಳು ಬಾಯಿ ತೆರೆದಳು. ನಾನು ಅವಳ ತೊಡೆಯ ಮೇಲೆ ಕೈ ಇಟ್ಟೆ.

"ಹೂಂ ಅತ್ತಿ," ಅಂದೆ. "ನೋಡಿದ ಕೂಡ್ಲೇ ಹಿಡದ."

"ಹಿಡೀದೇ ಎಲ್ಲಿ ಹೋಗ್ತಾನ," ಅಂದರು ಅತ್ತೆ, ಮತ್ತೆ ಗೋಡೆಯ ಕಡೆ ಹೊರಳಿ ಶಾಲು ಎಳೆದುಕೊಂಡರು.